ಕ್ರಿಯೆ ನಡೆಯುವಾಗ ಅಣುಗಳು ನಿಜವಾಗಿಯೂ ಜೋರಾಗಿ ಓಡುತ್ತವೆಯೇ?

ಪ್ರಶ್ನೆ: ಮೇಡಂ, ನಾನು ಸಾವಯವ ಸಂಶ್ಲೇಷಣೆಯಲ್ಲಿ ಪಿಎಚ್‌.ಡಿ. ಮಾಡುತ್ತಿರುವ ಮೂರನೇ ವರ್ಷದ ವಿದ್ಯಾರ್ಥಿನಿ. ತಾಮ್ರವನ್ನು ಬಳಸಿ ಆಲ್ಕೈನ್ ಮತ್ತು ಅಝೈಡ್ ಎಂಬ ಎರಡು ಬಗೆಯ ಅಣುಗಳನ್ನು ಜೋಡಿಸುವ ಕ್ಲಿಕ್ ಕ್ರಿಯೆಯನ್ನು ಎನ್‌ಎಂಆರ್ (ಕಾಂತೀಯ ಅನುರಣನದಿಂದ ಅಣುಗಳನ್ನು ಗುರುತಿಸುವ ಯಂತ್ರ) ಟ್ಯೂಬಿನೊಳಗೇ, ಭಾರಜಲದಲ್ಲಿ ನಡೆಸಿ, ಅಣುಗಳ ವಿಸರಣೆಯನ್ನು, ಅಂದರೆ ದ್ರವದಲ್ಲಿ ಅವು ತಾವಾಗಿ ಅಲೆದು ಹರಡುವುದನ್ನು, ಅಳೆಯುತ್ತಿದ್ದೇನೆ. ಎರಡೂ ಪ್ರತಿವರ್ತಕಗಳ ಸಾರತೆ ಲೀಟರಿಗೆ 0.1 ಮೋಲ್. ತಾಮ್ರದ ಸಲ್ಫೇಟ್, ಸೋಡಿಯಂ ಆಸ್ಕಾರ್ಬೇಟ್ ಹಾಕಿದ ಕೂಡಲೇ ಟ್ಯೂಬನ್ನು ಯಂತ್ರಕ್ಕೆ ಇಳಿಸುತ್ತೇನೆ. ಒಂದು ಅಳತೆಗೆ 8 ನಿಮಿಷ ಬೇಕು. ಗ್ರೇಡಿಯೆಂಟನ್ನು (ಟ್ಯೂಬಿನುದ್ದಕ್ಕೂ ಕಾಂತಕ್ಷೇತ್ರ ಬದಲಾಗುವ ಪ್ರಮಾಣ) 16 ಹಂತಗಳಲ್ಲಿ ಕಡಿಮೆಯಿಂದ ಹೆಚ್ಚಿಗೆ ಏರಿಸುತ್ತೇನೆ. ಕೊನೆಯ ಹಂತದಲ್ಲಿ ಸಂಕೇತದ ಶೇಕಡ 30ರಷ್ಟು ಉಳಿಯುವಂತೆ ಮೊದಲೇ ಹೊಂದಿಸಿಕೊಂಡಿದ್ದೇನೆ. ಮೊದಲ ಇಪ್ಪತ್ತು ನಿಮಿಷಗಳಲ್ಲಿ ಆಲ್ಕೈನಿನ ವಿಸರಣ ಗುಣಾಂಕ ಶೇಕಡ 15ರಿಂದ 20ರಷ್ಟು ಹೆಚ್ಚಾಗಿ ಕಾಣುತ್ತದೆ. ಕ್ರಿಯೆ ನಿಧಾನವಾದಂತೆ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನಾಲ್ಕು ಸಲ ಮಾಡಿದರೂ ಇದೇ ಫಲಿತಾಂಶ. ರೋಹಿತದಲ್ಲಿ ಉತ್ಪನ್ನದ ಗೆರೆಗೆ ಮಾತ್ರ ಮೊದಲ ಎರಡು ಅಳತೆಗಳಲ್ಲಿ ಅರ್ಥವಿಲ್ಲದಷ್ಟು ಕಡಿಮೆ ಅಂಕಿ ಬರುತ್ತದೆ. ಗೆರೆ ಇನ್ನೂ ಚಿಕ್ಕದಲ್ಲವೇ, ಗದ್ದಲ ಇರಬಹುದೆಂದು ಕೈಬಿಟ್ಟಿದ್ದೇನೆ. ನಮ್ಮ ಗೈಡ್ ತುಂಬಾ ಸಂತೋಷಪಟ್ಟಿದ್ದಾರೆ, ಮುಂದಿನ ತಿಂಗಳ ಸಮ್ಮೇಳನಕ್ಕೆ ಸಾರಾಂಶ ಕಳುಹಿಸೋಣ ಎನ್ನುತ್ತಿದ್ದಾರೆ. ಲ್ಯಾಬಿನ ಹಿರಿಯರೊಬ್ಬರು, ‘ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ ಅಣುವನ್ನು ತಳ್ಳುತ್ತದೆ, ಇದರಲ್ಲಿ ಆಶ್ಚರ್ಯವೇನಿದೆ? ಸಾರತೆಯನ್ನು 1 ಮೋಲ್‌ಗೆ ಏರಿಸಿ ನೋಡು, ಇನ್ನೂ ಚೆನ್ನಾಗಿ ಕಾಣುತ್ತದೆ’ ಎನ್ನುತ್ತಾರೆ. ಇದೇ ವಿಷಯದಲ್ಲಿ ದೊಡ್ಡ ವಿವಾದ ನಡೆದಿದೆಯೆಂದು ಆಮೇಲೆ ಓದಿದೆ. ಅಂದಿನಿಂದ ನಿದ್ದೆ ಬರುತ್ತಿಲ್ಲ. ನಾನು ಕಂಡದ್ದು ನಿಜವೇ? ಅಲ್ಲವಾದರೆ ಎಂಟು ತಿಂಗಳ ಕೆಲಸ ನೀರುಪಾಲೇ?

ಉತ್ತರ: ನಿಮ್ಮ ಪತ್ರವನ್ನೂ ಜೊತೆಗಿದ್ದ ರೋಹಿತಗಳನ್ನೂ ಎರಡೆರಡು ಸಲ ನೋಡಿದೆ. ನಿದ್ದೆಗೆಟ್ಟು ಕುಳಿತಿರುವ ನಿಮಗೆ ಸುತ್ತಿ ಬಳಸಿ ಹೇಳುವುದು ಸರಿಯಲ್ಲ. ಕ್ರಿಯೆಯ ವೇಳೆ ನಿಮ್ಮ ಆಲ್ಕೈನ್ ಅಣುಗಳು ಹೆಚ್ಚು ಚುರುಕಾಗಿವೆ ಎಂದು ನನಗೆ ಅನ್ನಿಸುವುದಿಲ್ಲ. ನೀವು ಕಂಡ ಏರಿಕೆಯ ಬಹುಪಾಲು, ಅಳತೆ ಮಾಡಿದ ಕ್ರಮದಿಂದಲೇ ಹುಟ್ಟಿದ್ದು. ಇದು ಹೌದೋ ಅಲ್ಲವೋ ಎಂಬುದನ್ನು ಒಂದೇ ಮಧ್ಯಾಹ್ನದಲ್ಲಿ ಪರೀಕ್ಷಿಸಬಹುದು. ಹೇಗೆಂದು ಮುಂದೆ ಹೇಳುತ್ತೇನೆ. ನಾಲ್ಕು ಸಲವೂ ಒಂದೇ ಉತ್ತರ ಬಂದಿದ್ದರಿಂದ ನಿಮ್ಮ ಕೈ ಪಳಗಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಒಂದೇ ಕ್ರಮದಲ್ಲಿ ನಾಲ್ಕು ಸಲ ಅಳೆದರೆ ಆ ಕ್ರಮದ ದೋಷವೂ ನಾಲ್ಕು ಸಲ ತಪ್ಪದೆ ಬರುತ್ತದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಕೈಬಿಟ್ಟ ಸಾಲಿನ ಮೇಲೆ. ಉತ್ಪನ್ನದ ಗೆರೆಗೆ ಅರ್ಥವಿಲ್ಲದಷ್ಟು ಕಡಿಮೆ ಅಂಕಿ ಬರುತ್ತದೆ ಎಂದಿರಲ್ಲ, ಅದು. ಗದ್ದಲವಾಗಿದ್ದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬರಬೇಕಿತ್ತು. ಪ್ರತಿ ಸಲವೂ ಕಡಿಮೆಯೇ ಬರುತ್ತಿದೆ ಎಂದರೆ ಅದಕ್ಕೊಂದು ಕಾರಣ ಇದೆ, ಮತ್ತು ಆಲ್ಕೈನಿನ ಏರಿಕೆಗೂ ಅದೇ ಕಾರಣ.

ಯಂತ್ರ ಏನನ್ನು ಎಣಿಸುತ್ತಿದೆ ಎಂಬುದನ್ನು ಮೊದಲು ನೋಡೋಣ. ಶಾಲೆಯ ಅಂಗಳವೊಂದನ್ನು ನೆನೆಸಿಕೊಳ್ಳಿ. ಮೇಷ್ಟ್ರು ಸುಣ್ಣದ ಗೆರೆ ಎಳೆದು ಅಂಗಳವನ್ನು ಪಟ್ಟೆಗಳಾಗಿ ಭಾಗಿಸಿದ್ದಾರೆ. ಪ್ರತಿ ಮಗುವೂ ತಾನು ನಿಂತ ಪಟ್ಟೆಯನ್ನು ನೆನಪಿಟ್ಟುಕೊಳ್ಳಬೇಕು. ಸ್ವಲ್ಪ ಹೊತ್ತು ಆಡಲು ಬಿಟ್ಟು, ಗಂಟೆ ಹೊಡೆದು, ತಮ್ಮ ಪಟ್ಟೆಯಲ್ಲೇ ಉಳಿದವರೆಷ್ಟು ಎಂದು ಮೇಷ್ಟ್ರು ಎಣಿಸುತ್ತಾರೆ. ಪಟ್ಟೆ ಅಗಲವಾಗಿದ್ದರೆ ಹೆಚ್ಚುಕಡಿಮೆ ಎಲ್ಲರೂ ಸಿಗುತ್ತಾರೆ. ಪಟ್ಟೆಯನ್ನು ಕಿರಿದು ಮಾಡುತ್ತ ಹೋದಂತೆ ಸಿಗುವವರು ಕಡಿಮೆಯಾಗುತ್ತಾರೆ. ಆ ಇಳಿಕೆ ಎಷ್ಟು ಬೇಗ ಆಗುತ್ತದೆ ಎಂಬುದರಿಂದ ಮಕ್ಕಳು ಎಷ್ಟು ಅಲೆದಾಡಿದರೆಂದು ಲೆಕ್ಕ ಹಾಕಬಹುದು. ನಿಮ್ಮ ಯಂತ್ರದಲ್ಲಿ ಗ್ರೇಡಿಯೆಂಟ್ ಹೆಚ್ಚಿಸುವುದೆಂದರೆ ಪಟ್ಟೆ ಕಿರಿದು ಮಾಡುವುದು. ಎರಡು ಪಲ್ಸ್‌ಗಳ (ಗ್ರೇಡಿಯೆಂಟಿನ ಕ್ಷಣಕಾಲದ ಮಿಡಿತಗಳ) ನಡುವೆ ನೀವು ಬಿಡುವ ಹತ್ತನೇ ಒಂದು ಸೆಕೆಂಡಿನಲ್ಲಿ ಚಿಕ್ಕ ಅಣುವೊಂದು ಒಂದು ದಿಕ್ಕಿನಲ್ಲಿ ಸರಾಸರಿ 10–15 ಮೈಕ್ರೋಮೀಟರ್ ಸರಿಯುತ್ತದೆ, ಕೂದಲೆಳೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಹಾನ್ 1950ರಲ್ಲಿ ಸ್ಪಿನ್ ಪ್ರತಿಧ್ವನಿಯನ್ನು ತೋರಿಸಿದಾಗಲೇ ಈ ಅಲೆದಾಟ ಸಂಕೇತವನ್ನು ಕುಗ್ಗಿಸುತ್ತದೆಂದು ಗುರುತಿಸಿದ್ದರು. 1965ರಲ್ಲಿ ಸ್ಟೆಜ್ಸ್ಕಲ್ ಮತ್ತು ಟ್ಯಾನರ್ ಅದನ್ನೇ ಪಲ್ಸ್ ಗ್ರೇಡಿಯೆಂಟಿನ ಅಳತೆಯಾಗಿ ರೂಪಿಸಿದರು. ಅವರ ಸಮೀಕರಣವೇ ಇಂದು ನಿಮ್ಮ ಗಣಕದೊಳಗೆ ಕುಳಿತಿರುವುದು.

ಆ ಸಮೀಕರಣಕ್ಕೆ ಒಂದು ನಂಬಿಕೆ ಇದೆ. ಹದಿನಾರು ಎಣಿಕೆಗಳುದ್ದಕ್ಕೂ ಅಂಗಳದಲ್ಲಿರುವ ಒಟ್ಟು ಮಕ್ಕಳ ಸಂಖ್ಯೆ ಬದಲಾಗಿಲ್ಲ ಎಂದು ಅದು ಎಣಿಸಿಕೊಂಡಿದೆ. ನಿಮ್ಮ ಅಂಗಳದಲ್ಲಿ ಆಗುತ್ತಿರುವುದೇ ಬೇರೆ. ಎಣಿಕೆ ನಡೆಯುತ್ತಿರುವಾಗಲೇ ಪೋಷಕರು ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ಮನೆಗೆ ಕರೆದೊಯ್ಯುತ್ತಿದ್ದಾರೆ. ಮೇಷ್ಟ್ರಿಗೆ ಅದು ಗೊತ್ತಿಲ್ಲ. ಪಟ್ಟೆಯಲ್ಲಿ ಕಾಣದ ಪ್ರತಿಯೊಬ್ಬರನ್ನೂ ಅವರು ‘ದೂರ ಓಡಿದವರು’ ಎಂದೇ ಬರೆದುಕೊಳ್ಳುತ್ತಾರೆ.

ಅಂಕಿಗಳಲ್ಲಿ ನೋಡಿ. ನೀವು ಕಳುಹಿಸಿದ ರೋಹಿತಗಳ ಪ್ರಕಾರ ಮೊದಲ 8 ನಿಮಿಷಗಳಲ್ಲಿ ಆಲ್ಕೈನಿನ ಸುಮಾರು ಐದನೇ ಒಂದು ಭಾಗ ಖರ್ಚಾಗಿದೆ. ವಿಸರಣೆ ಮಾತ್ರವೇ ಇದ್ದಿದ್ದರೆ ಕೊನೆಯ ಹಂತದಲ್ಲಿ 100ಕ್ಕೆ 30 ಉಳಿಯಬೇಕಿತ್ತು. ಖರ್ಚಾದದ್ದೂ ಸೇರಿ ಈಗ ಉಳಿಯುವುದು 30ರ ಶೇಕಡ 80, ಅಂದರೆ 24. ಗಣಕ 24ನ್ನು ನೋಡಿ, ‘ಇಷ್ಟು ಕುಗ್ಗಬೇಕಾದರೆ ಅಣು ಜೋರಾಗಿಯೇ ಓಡಿರಬೇಕು’ ಎಂದುಕೊಳ್ಳುತ್ತದೆ. 30ರ ಮತ್ತು 24ರ ಲಾಗರಿದಮ್ ತೆಗೆದು ಹೋಲಿಸಿದರೆ ಗುಣಾಂಕ ಶೇಕಡ 18ರಿಂದ 19ರಷ್ಟು ಹೆಚ್ಚಾಗಿ ಬರುತ್ತದೆ. ಮೊದಲ ಮತ್ತು ಕೊನೆಯ ಹಂತಗಳನ್ನು ಮಾತ್ರ ಹಿಡಿದು ಮಾಡಿದ ಸ್ಥೂಲ ಲೆಕ್ಕ ಇದು. ಆದರೂ ನಿಮ್ಮ 15–20ರ ನಡುವೆ ಬಂದು ಕುಳಿತಿದೆ. ಒಂದು ಅಣುವೂ ಒಂದಿಷ್ಟೂ ಜೋರಾಗಿ ಓಡದೆ ಬಂದ ಅಂಕಿ ಇದು. ಕ್ರಿಯೆ ನಿಧಾನವಾದಂತೆ ಎಂಟು ನಿಮಿಷಗಳಲ್ಲಿ ಖರ್ಚಾಗುವ ಪಾಲು ಕಡಿಮೆಯಾಗುತ್ತದೆ, ‘ಏರಿಕೆ’ಯೂ ಇಳಿಯುತ್ತದೆ.

ಉತ್ಪನ್ನದ ಅಂಗಳಕ್ಕಾದರೋ ಎಣಿಕೆ ನಡೆಯುತ್ತಿರುವಾಗ ಹೊಸ ಮಕ್ಕಳು ಬರುತ್ತಲೇ ಇದ್ದಾರೆ. ಪಟ್ಟೆ ಕಿರಿದಾದರೂ ಸಂಖ್ಯೆ ಕುಗ್ಗುವುದಿಲ್ಲ, ಕೆಲವೊಮ್ಮೆ ಹೆಚ್ಚಾಗುತ್ತದೆ. ಹಾಗಾಗಿ ಅವು ಅಲುಗದೆ ನಿಂತಂತೆ ಕಾಣುತ್ತವೆ. ನೀವು ಗದ್ದಲವೆಂದು ಬಿಟ್ಟಿದ್ದ ಅಂಕಿಗಳು ಇವೇ.

ನಾಳೆಯ ಪರೀಕ್ಷೆ ಇದರಿಂದಲೇ ಹೊರಡುತ್ತದೆ. ಗ್ರೇಡಿಯೆಂಟನ್ನು ಹೆಚ್ಚಿನಿಂದ ಕಡಿಮೆಗೆ ಇಳಿಸುತ್ತ ಅಳೆಯಿರಿ, ಉಳಿದದ್ದೆಲ್ಲ ಹಾಗೆಯೇ ಇರಲಿ. ನನ್ನ ಅಂದಾಜು ಸರಿಯಿದ್ದರೆ ಆಲ್ಕೈನ್ ಈ ಸಲ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ನಿಧಾನವಾಗಿ ಕಾಣುತ್ತದೆ, ಉತ್ಪನ್ನ ವೇಗವಾಗಿ ಕಾಣುತ್ತದೆ. ಅಣುಗಳು ನಿಜವಾಗಿ ಚುರುಕಾಗಿದ್ದರೆ ನೀವು ಯಾವ ತುದಿಯಿಂದ ಎಣಿಸಿದರೂ ಚುರುಕಾಗಿಯೇ ಇರಬೇಕು.

ಇನ್ನು ನಿಮ್ಮ ಲ್ಯಾಬಿನ ಹಿರಿಯರ ಮಾತು. ಶಕ್ತಿ ಬಿಡುಗಡೆಯಾದರೆ ತಳ್ಳು ಸಿಗಬೇಕು ಎಂಬುದು ಕೇಳಲು ಸಹಜವಾಗಿದೆ. ಬಂದೂಕಿನಿಂದ ಗುಂಡು ಹಾರುವುದನ್ನು ನೋಡಿದ ಮನಸ್ಸಿಗೆ ಹಾಗೆ ತೋರುವುದರಲ್ಲಿ ತಪ್ಪಿಲ್ಲ. ಆದರೆ ದ್ರವದೊಳಗಿನ ಅಣುವಿಗೆ ಗಾಳಿಯಲ್ಲಿ ಹಾರುವ ಗುಂಡಿನ ಸ್ವಾತಂತ್ರ್ಯ ಇಲ್ಲ. ಜಾತ್ರೆಯಲ್ಲಿ ತೇರಿನ ಹಗ್ಗದ ಹತ್ತಿರ ಸಿಕ್ಕಿಕೊಂಡವರಂತೆ ಅದು ಎಲ್ಲ ಕಡೆಯಿಂದಲೂ ಒತ್ತಿಕೊಂಡಿರುತ್ತದೆ. ನೀರಿನ ಅಣುವಿನ ಸರಾಸರಿ ಉಷ್ಣವೇಗ ಕೋಣೆಯ ತಾಪದಲ್ಲಿ ಸೆಕೆಂಡಿಗೆ ಸುಮಾರು 600 ಮೀಟರ್. ಅಷ್ಟು ವೇಗವಿದ್ದೂ ಅದು ಎಲ್ಲಿಗೂ ಹೋಗುವುದಿಲ್ಲ. ಪಕ್ಕದವರಿಗೆ ಡಿಕ್ಕಿ ಹೊಡೆಯುತ್ತ ಇದ್ದಲ್ಲೇ ತೊಯ್ದಾಡುತ್ತಿರುತ್ತದೆ.

ಅವರ ಮಾತನ್ನು ಪೂರ್ತಿ ಒಪ್ಪಿಕೊಂಡೇ ಲೆಕ್ಕ ಹಾಕೋಣ. ಕ್ಲಿಕ್ ಕ್ರಿಯೆಯಲ್ಲಿ ಒಂದು ಮೋಲ್‌ಗೆ 200 ಕಿಲೋಜೂಲ್‌ಗಿಂತ ಹೆಚ್ಚು ಶಾಖ ಹೊರಬರುತ್ತದೆ. ಈ 200 ಕಿಲೋಜೂಲ್ ಒಂದಿಷ್ಟೂ ಪೋಲಾಗದೆ, 150 ಅಣುತೂಕದ ಉತ್ಪನ್ನದ ಅಣುವನ್ನು ಒಂದೇ ದಿಕ್ಕಿಗೆ ತಳ್ಳಲು ಬಳಕೆಯಾಯಿತು ಎನ್ನಿ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 1,600 ಮೀಟರ್. ಭರ್ಜರಿಯಾಗಿಯೇ ಇದೆ. ಆದರೆ ನೀರಿನ ಸ್ನಿಗ್ಧತೆ ಆ ವೇಗವನ್ನು ಒಂದು ಪಿಕೋಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ ನುಂಗಿಹಾಕುತ್ತದೆ. ಅಷ್ಟರಲ್ಲಿ ಅಣು ಸಾಗುವ ದೂರ ಒಂದು ನ್ಯಾನೋಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ತನ್ನ ಮೈಯಷ್ಟು ದೂರವನ್ನೂ ಅದು ದಾಟುವುದಿಲ್ಲ. ಮೈಕ್ರೋಮೀಟರುಗಳಲ್ಲಿ ಅಳೆಯುವ ನಿಮ್ಮ ಪ್ರಯೋಗದಲ್ಲಿ ಇಂಥ ಒಂದು ಜಿಗಿತ ಕಾಣಿಸಿಕೊಳ್ಳುವುದು ಹೇಗೆ?

ಇದಕ್ಕಿಂತ ಸರಳವಾದ ಇನ್ನೊಂದು ಪ್ರಶ್ನೆ ಇದೆ, ಅದನ್ನು ಅವರ ಮುಂದಿಡಿ. ರೋಹಿತದಲ್ಲಿ ಆಲ್ಕೈನಿನ ಗೆರೆ ಯಾರದ್ದು? ಇನ್ನೂ ಕ್ರಿಯೆಯಲ್ಲಿ ಪಾಲ್ಗೊಳ್ಳದ ಅಣುಗಳದ್ದು. ಪಾಲ್ಗೊಂಡ ಕ್ಷಣದಲ್ಲೇ ಆ ಅಣು ಆಲ್ಕೈನ್ ಆಗಿ ಉಳಿಯುವುದಿಲ್ಲ, ಟ್ರೈಅಝೋಲ್ ಎಂಬ ಉತ್ಪನ್ನವಾಗಿ ಬೇರೆ ಗೆರೆಗೆ ಹೋಗುತ್ತದೆ. ತಳ್ಳು ಸಿಗಬೇಕಾದದ್ದು ಉತ್ಪನ್ನಕ್ಕೆ, ಓಡಿದಂತೆ ಕಾಣುತ್ತಿರುವುದು ಸರದಿಯಲ್ಲಿ ಕಾಯುತ್ತಿರುವ ಪ್ರತಿವರ್ತಕ. ತಳ್ಳು ಸುತ್ತಲಿನ ದ್ರಾವಕದ ಮೂಲಕ ಎಲ್ಲರಿಗೂ ಹಂಚಿಕೆಯಾಗುತ್ತದೆ ಎಂದು ವಾದಿಸುವವರಿದ್ದಾರೆ. ಹಾಗಿದ್ದರೆ ಉತ್ಪನ್ನಕ್ಕೂ ಅದರ ಪಾಲು ಸಿಗಬೇಕಲ್ಲವೇ?

ನೀವು ಓದಿದ ವಿವಾದದ ಬಗ್ಗೆ. ಇದರ ಬೇರು ಕಿಣ್ವಗಳಲ್ಲಿದೆ. 2010ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಯುಸ್ಮಾನ್ ಸೇನ್ ಮತ್ತು ಸಹೋದ್ಯೋಗಿಗಳು, ಯೂರಿಯಾ ಸಿಕ್ಕಾಗ ಯೂರಿಯೇಸ್ ಕಿಣ್ವ ಹೆಚ್ಚು ಬೇಗ ವಿಸರಿಸುತ್ತದೆಂದು ವರದಿ ಮಾಡಿದರು. ಮುಂದೆ ಈ ವಿಚಾರ ಚಿಕ್ಕ ಅಣುಗಳಿಗೂ ಬಂತು, ಗ್ರಬ್ಸ್ ವೇಗವರ್ಧಕವೆಂಬ ಲೋಹದ ಸಂಯುಕ್ತದ ಬಗ್ಗೆ ಇಂಥದೇ ವರದಿ ಹೊರಬಿತ್ತು. 2019ರಲ್ಲಿ ಆಸ್ಟ್ರೇಲಿಯಾದ ಜೊನಾಥನ್ ಬೀವ್ಸ್ ಮತ್ತು ಜೊತೆಗಾರರು, ಆ ಏರಿಕೆ ಟ್ಯೂಬಿನೊಳಗಿನ ಸಂವಹನ ಪ್ರವಾಹದ್ದೇ (ತಾಪದ ವ್ಯತ್ಯಾಸದಿಂದ ದ್ರವ ಸುತ್ತುವುದು) ಹೊರತು ವೇಗವರ್ಧಕದ ಓಟವಲ್ಲ ಎಂದು ತೋರಿಸಿದರು. 2020ರಲ್ಲಿ ದಕ್ಷಿಣ ಕೊರಿಯಾದಿಂದ ಸ್ಟೀವ್ ಗ್ರಾನಿಕ್ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ, ಕ್ಲಿಕ್ ಕ್ರಿಯೆ ಸೇರಿದಂತೆ ಹಲವು ಸಾಮಾನ್ಯ ಸಾವಯವ ಕ್ರಿಯೆಗಳಲ್ಲಿ ಅಣುಗಳ ಚಲನೆ ಚುರುಕಾಗುತ್ತದೆಂದು ಪ್ರಕಟಿಸಿತು. ಅವರ ಸಾಧನವೂ ನಿಮ್ಮದೇ, ಪಲ್ಸ್ ಗ್ರೇಡಿಯೆಂಟ್ ಎನ್‌ಎಂಆರ್. ಮರುವರ್ಷ ಅದೇ ಪತ್ರಿಕೆಯಲ್ಲಿ ಬೀವ್ಸ್, ವಿಲಿಯಂ ಪ್ರೈಸ್, ಜರ್ಮನಿಯ ಪೀರ್ ಫಿಷರ್ ಮೊದಲಾದವರ ಆಕ್ಷೇಪ ಬಂತು. ಅಳತೆಯ ನಡುವೆ ಸಂಕೇತದ ತೀವ್ರತೆಯೇ ಬದಲಾಗುತ್ತಿದೆ, ಅದನ್ನು ಸರಿಪಡಿಸಿಕೊಂಡರೆ ಏರಿಕೆ ಉಳಿಯುವುದಿಲ್ಲ ಎಂಬುದು ಅವರ ಮಾತಿನ ತಿರುಳು. ಮೂಲ ತಂಡ ತನ್ನ ನಿಲುವನ್ನು ಸಮರ್ಥಿಸಿಕೊಂಡು ಉತ್ತರವನ್ನೂ ಬರೆಯಿತು. ಎರಡೂ ಕಡೆಯ ಲೇಖನಗಳನ್ನು ನೀವೇ ಓದಬೇಕು, ನನ್ನ ಮಾತನ್ನು ನೆಚ್ಚಬೇಡಿ. ಚಿಕ್ಕ ಅಣುಗಳ ಮಟ್ಟಿಗೆ ನಾನು ಆಕ್ಷೇಪದ ಪಕ್ಷದಲ್ಲಿದ್ದೇನೆ. ಗ್ರೇಡಿಯೆಂಟಿನ ಕ್ರಮ ಕದಡಿದರೆ ಮಾಯವಾಗುವ ಚಲನೆಯನ್ನು ಅಣುವಿನದೆಂದು ನಾನು ಒಪ್ಪಲಾರೆ.

ಇಂಥ ಗೊಂದಲ ಹೊಸದಲ್ಲ. 1827ರಲ್ಲಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಕಣಗಳು ನೀರಿನಲ್ಲಿ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ, ಅದು ಜೀವದ ಲಕ್ಷಣವಿರಬಹುದೆಂದು ಅವರಿಗೂ ಮೊದಲು ಅನ್ನಿಸಿತ್ತು. ಅಲ್ಲಿಗೇ ನಿಲ್ಲದೆ ಅವರು ಗಾಜಿನ ಪುಡಿ, ಕಲ್ಲಿನ ಪುಡಿ, ಕೊನೆಗೆ ಈಜಿಪ್ಟಿನ ಸ್ಫಿಂಕ್ಸ್‌ನ ಚೂರೊಂದರ ಪುಡಿಯನ್ನೂ ನೀರಿಗೆ ಹಾಕಿ ನೋಡಿದರು. ಅವೂ ಕುಣಿದವು. ಜೀವವಿಲ್ಲದ ಕಲ್ಲೂ ಕುಣಿಯುತ್ತದೆ ಎಂದ ಮೇಲೆ ಕುಣಿತ ಜೀವದ್ದಲ್ಲ. ಐನ್‌ಸ್ಟೈನ್ 1905ರಲ್ಲಿ ಅದಕ್ಕೆ ಲೆಕ್ಕ ಕೊಡುವ ಹೊತ್ತಿಗೆ ಮುಕ್ಕಾಲು ಶತಮಾನ ಕಳೆದಿತ್ತು. ನಿಮ್ಮ ಪ್ರಯೋಗದಲ್ಲಿ ಇಲ್ಲದಿರುವುದು ಆ ಕಲ್ಲಿನ ಪುಡಿ.

ಅದನ್ನು ಹಾಕುವುದು ಸುಲಭ. ಕ್ರಿಯೆಗೆ ಸಂಬಂಧವೇ ಇಲ್ಲದ ಒಂದು ಅಣುವನ್ನು ದ್ರಾವಣಕ್ಕೆ ಚೂರು ಸೇರಿಸಿ. ಟೆರ್ಷಿಯರಿ ಬ್ಯುಟನಾಲ್ ಒಳ್ಳೆಯದು: ಕ್ಲಿಕ್ ಕ್ರಿಯೆಯ ದ್ರಾವಕವಾಗಿ ಮೊದಲಿನಿಂದಲೂ ಬಳಕೆಯಲ್ಲಿದೆ, ಒಂದೇ ಚೂಪಾದ ಗೆರೆ ಕೊಡುತ್ತದೆ, ನಿಮ್ಮ ಬೇರೆ ಗೆರೆಗಳ ಮೇಲೆ ಬೀಳುವುದಿಲ್ಲ. ಆಲ್ಕೈನ್ ಮಾತ್ರ ಏರಿ ಬ್ಯುಟನಾಲ್ ಸುಮ್ಮನಿದ್ದರೆ ಮೇಲೆ ಹೇಳಿದ ಎಣಿಕೆಯ ದೋಷವನ್ನು ಹುಡುಕಿ. ಬ್ಯುಟನಾಲ್ ಕೂಡ ಏರಿದರೆ ಇಡೀ ದ್ರವಕ್ಕೇ ಏನೋ ಆಗಿದೆ ಎಂದರ್ಥ, ಅಂದರೆ ಶಾಖ ಅಥವಾ ಸಂವಹನ.

ಶಾಖದ ಲೆಕ್ಕವನ್ನು ಸಾವಯವ ರಸಾಯನದವರು ಮರೆಯುವುದೇ ಹೆಚ್ಚು. ಲೀಟರಿಗೆ 0.1 ಮೋಲ್ ಪೂರ್ತಿ ಕ್ರಿಯೆಗೊಂಡರೆ 20 ಕಿಲೋಜೂಲ್. ಅದಿಷ್ಟೂ ನೀರಿನಲ್ಲೇ ಉಳಿದರೆ ತಾಪ ಸುಮಾರು 5 ಡಿಗ್ರಿ ಏರುತ್ತದೆ. ಸಾದಾ ನೀರಿನ ಸ್ವವಿಸರಣ ಗುಣಾಂಕವನ್ನೇ ನೋಡಿ. ಸೆಕೆಂಡಿಗೆ ಹತ್ತರ ಮೈನಸ್ ಒಂಬತ್ತನೇ ಘಾತ ಚದರ ಮೀಟರ್ ಎಂಬ ಮಾನದಲ್ಲಿ ಅದು 25 ಡಿಗ್ರಿಯಲ್ಲಿ 2.3 ಇದ್ದದ್ದು 30 ಡಿಗ್ರಿಯಲ್ಲಿ 2.6 ಆಗುತ್ತದೆ, ಶೇಕಡ 13ರಷ್ಟು ಹೆಚ್ಚು. ನಿಮ್ಮ ಟ್ಯೂಬಿನ ಸುತ್ತ ಗಾಳಿ ಹರಿಯುತ್ತಿರುವುದರಿಂದ ಪೂರ್ತಿ 5 ಡಿಗ್ರಿ ಏರದು, ಆದರೂ ಆರಂಭದ ಕೆಲವು ನಿಮಿಷಗಳಲ್ಲಿ ಒಂದೆರಡು ಡಿಗ್ರಿ ಏರಿದರೆ ನನಗೆ ಆಶ್ಚರ್ಯವಿಲ್ಲ. ಪರದೆಯ ಮೇಲಿನ ‘25.0’ ನೋಡಿ ಸಮಾಧಾನಪಡಬೇಡಿ. ಆ ಉಷ್ಣಮಾಪಕ ಇರುವುದು ಟ್ಯೂಬಿನ ಹೊರಗಿನ ಗಾಳಿಯಲ್ಲಿ, ನಿಮ್ಮ ದ್ರವದಲ್ಲಲ್ಲ. ದ್ರವದೊಳಗೇ ಒಂದು ಉಷ್ಣಮಾಪಕ ಆಗಲೇ ಇದೆ. ಭಾರಜಲದಲ್ಲಿ ಉಳಿದ ನೀರಿನ ಗೆರೆ ಒಂದು ಡಿಗ್ರಿಗೆ ಸುಮಾರು 0.012 ಪಿಪಿಎಂನಷ್ಟು (ರೋಹಿತದಲ್ಲಿ ಗೆರೆಯ ಸ್ಥಾನ ಹೇಳುವ ಮಾನ) ಸರಿಯುತ್ತದೆ, ತಾಪ ಏರಿದರೆ ಕಡಿಮೆ ಪಿಪಿಎಂ ಕಡೆಗೆ. ಬ್ಯುಟನಾಲಿನ ಗೆರೆಯನ್ನು ಆಧಾರವಾಗಿಟ್ಟುಕೊಂಡು ನಿಮ್ಮ ಹಳೆಯ ರೋಹಿತಗಳಲ್ಲಿ ಅಲ್ಲದಿದ್ದರೂ ಹೊಸದರಲ್ಲಿ ಅದನ್ನು ಅಳೆಯಬಹುದು. ಆಮ್ಲತೆ, ಲವಣಾಂಶ ಬದಲಾದರೂ ಈ ಗೆರೆ ತುಸು ಅಲುಗುತ್ತದೆ ಎಂಬುದು ನೆನಪಿರಲಿ.

ಸಂವಹನ ಇನ್ನೂ ಮೋಸಗಾರ. ಟ್ಯೂಬಿನ ತಳ ಮೇಲ್ಭಾಗಕ್ಕಿಂತ ತುಸು ಬಿಸಿಯಾದರೂ ಸಾಕು, ಬೆಳಗಿನ ಚಹಾದ ನೀರು ಕುದಿಯುವ ಮೊದಲು ಪಾತ್ರೆಯಲ್ಲಿ ತಿರುಗುವಂತೆ ದ್ರವ ಮೆಲ್ಲಗೆ ಸುತ್ತತೊಡಗುತ್ತದೆ. ಹರಿಯುವ ದ್ರವ ಅನುರಣನದ ಸಂಕೇತವನ್ನು ಬದಲಿಸುತ್ತದೆಂದು ಮೊದಮೊದಲು ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಒಬ್ಬರು. 1951ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನವನ್ನು ಹರಿವಿನ ಎನ್‌ಎಂಆರ್ ಕುರಿತು ಬರೆಯುವವರು ಇಂದಿಗೂ ನೆನೆಯುತ್ತಾರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹದಿನೈದು ವರ್ಷಗಳ ಹಿಂದೆ, ಆಗ ನಾನಿದ್ದ ಪ್ರಯೋಗಾಲಯದಲ್ಲಿ, ಕ್ಲೋರೋಫಾರ್ಮಿನಲ್ಲಿ 40 ಡಿಗ್ರಿಯಲ್ಲಿ ಒಂದು ಅಣುವನ್ನು ಅಳೆಯುತ್ತಿದ್ದೆ. ಗುಣಾಂಕ ನಿರೀಕ್ಷೆಗಿಂತ ತುಂಬಾ ಹೆಚ್ಚು ಬಂತು. ಅಣು ಮಡಚಿಕೊಂಡು ಚಿಕ್ಕದಾಗಿದೆ ಎಂದು ಮೂರು ವಾರ ನಂಬಿದ್ದೆ, ಮಡಚಿಕೆಯ ಚಿತ್ರವನ್ನೂ ಬರೆದಿಟ್ಟಿದ್ದೆ. ಒಂದು ಸಂಜೆ ಬೇರೆ ಯಾವುದೋ ಕಾರಣಕ್ಕೆ ಎರಡು ಪಲ್ಸ್‌ಗಳ ನಡುವಿನ ಅವಧಿಯನ್ನು ಅರ್ಧಕ್ಕಿಳಿಸಿದೆ, ಗುಣಾಂಕವೂ ಇಳಿದುಬಿಟ್ಟಿತು. ವಿಸರಣೆಯಾಗಿದ್ದರೆ ಅದು ಅಲುಗಬಾರದಿತ್ತು. ತೆಳು ದ್ರಾವಕ, ಕೆಳಗಿನಿಂದ ಬರುವ ಬಿಸಿಗಾಳಿ, ನಡುವೆ ನನ್ನ ಅಣು ಸುತ್ತುತ್ತಿತ್ತು. ಆ ಚಿತ್ರವಿರುವ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ತೋರಿಸುತ್ತೇನೆ.

ಆದ್ದರಿಂದ ಅವಧಿಯನ್ನು ಬದಲಿಸಿ ಒಮ್ಮೆ ಅಳೆಯಿರಿ. 5 ಮಿಲಿಮೀಟರ್ ಟ್ಯೂಬಿನ ಬದಲು 3 ಮಿಲಿಮೀಟರಿನದು ಸಿಕ್ಕರೆ ಸಂವಹನ ಬಹಳ ಮಟ್ಟಿಗೆ ಅಡಗುತ್ತದೆ. ಸಂವಹನವನ್ನು ಸರಿದೂಗಿಸುವ ಪಲ್ಸ್ ಕ್ರಮಗಳೂ ನಿಮ್ಮ ಯಂತ್ರದಲ್ಲಿ ಇರುತ್ತವೆ, ಆದರೆ ಸಂಕೇತದ ಅರ್ಧದಷ್ಟನ್ನು ಅವು ತಿಂದುಹಾಕುತ್ತವೆ. ಬೇಗ ನಡೆಯುವ ಕ್ರಿಯೆಯಲ್ಲಿ ಆ ನಷ್ಟ ಸಣ್ಣದಲ್ಲ.

ತಾಮ್ರದ ಬಗ್ಗೆ ಒಂದು ಮಾತು. ನೀವು ಹಾಕುವ ಎರಡನೇ ಉತ್ಕರ್ಷಣ ಸ್ಥಿತಿಯ ತಾಮ್ರ ಕಾಂತಗುಣವುಳ್ಳದ್ದು, ಅದರ ಸನಿಹದ ಗೆರೆಗಳು ಅಗಲವಾಗಿ ಕುಗ್ಗುತ್ತವೆ. ಆಸ್ಕಾರ್ಬೇಟ್ ಅದನ್ನು ಒಂದನೇ ಸ್ಥಿತಿಗೆ ಇಳಿಸುತ್ತ ಹೋದಂತೆ ಗೆರೆಗಳು ಚೇತರಿಸಿಕೊಳ್ಳುತ್ತವೆ. ಇದೂ ನಿಮ್ಮ ಮೊದಲ ನಿಮಿಷಗಳಲ್ಲೇ ನಡೆಯುವುದರಿಂದ ಎಣಿಕೆ ಇನ್ನಷ್ಟು ಕೆಡುತ್ತದೆ. ಅಝೈಡ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬೆರೆಸಿ, ಗೆರೆಗಳು ಸ್ಥಿರವಾಗುವವರೆಗೆ ಕಾದು, ಕೊನೆಗೆ ಅಝೈಡ್ ಸೇರಿಸಿ. ಸೇರಿಸಿದ ಮೇಲೆ ಟ್ಯೂಬನ್ನು ಹತ್ತಾರು ಸಲ ಚೆನ್ನಾಗಿ ಮಗುಚಿ. ಅಣುಗಳು ತಾವೇ ಬೆರೆಯುತ್ತವೆ ಎಂದು ಬಿಟ್ಟರೆ 4 ಸೆಂಟಿಮೀಟರ್ ಎತ್ತರದ ದ್ರವದಲ್ಲಿ ವಿಸರಣೆಯಿಂದ ಮಾತ್ರ ಬೆರೆಯಲು ಒಂದು ವಾರಕ್ಕೂ ಹೆಚ್ಚು ಬೇಕು. ಫ್ಲಾಸ್ಕಿನಲ್ಲಿ ಕಲಕುವ ಮ್ಯಾಗ್ನೆಟ್ ಇದ್ದು ರೂಢಿಯಾದವರು ಟ್ಯೂಬಿನಲ್ಲಿ ಇದನ್ನು ಮರೆಯುತ್ತಾರೆ.

ಸಾರತೆಯನ್ನು 1 ಮೋಲ್‌ಗೆ ಏರಿಸುವ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪರಿಣಾಮ ದೊಡ್ಡದಾಗಿ ಕಾಣುವುದು ನಿಜ, ಏಕೆಂದರೆ ದೋಷಗಳೆಲ್ಲ ದೊಡ್ಡದಾಗುತ್ತವೆ. ಅದೇ ಲೆಕ್ಕದಲ್ಲಿ ತಾಪ 5ರ ಬದಲು 50 ಡಿಗ್ರಿಯ ಹತ್ತಿರ ಏರುವಷ್ಟು ಶಾಖ, ಮುಚ್ಚಿದ ತೆಳು ಗಾಜಿನ ಟ್ಯೂಬಿನಲ್ಲಿ, ಕೋಟಿಗಟ್ಟಲೆ ಬೆಲೆಯ ಯಂತ್ರದ ಗರ್ಭದೊಳಗೆ. ಜೊತೆಗೆ, ನೀರಿನಲ್ಲಿ ಕರಗುವ ಅಝೈಡ್‌ಗಳು ಸಾಮಾನ್ಯವಾಗಿ ಚಿಕ್ಕ ಅಣುಗಳು. ಇಂಗಾಲ ಮತ್ತು ಆಮ್ಲಜನಕದ ಪರಮಾಣುಗಳ ಒಟ್ಟು ಸಂಖ್ಯೆಯನ್ನು ಸಾರಜನಕದ ಸಂಖ್ಯೆಯಿಂದ ಭಾಗಿಸಿದಾಗ 3ಕ್ಕಿಂತ ಕಡಿಮೆ ಬರುವ ಅಝೈಡನ್ನು ದಟ್ಟವಾಗಿ ಇಟ್ಟುಕೊಳ್ಳುವುದು ಸ್ಫೋಟಕ್ಕೆ ಆಹ್ವಾನ. ನಿಮ್ಮ ಅಝೈಡಿಗೆ ಈ ಲೆಕ್ಕವನ್ನು ಇಂದೇ ಹಾಕಿ. ನನ್ನ ಸಲಹೆ ಇದಕ್ಕೆ ವಿರುದ್ಧ ದಿಕ್ಕಿನದು: ತಾಮ್ರವನ್ನು ಕಡಿಮೆ ಮಾಡಿ ಕ್ರಿಯೆಯನ್ನು ನಿಧಾನಗೊಳಿಸಿ. ಎಂಟು ನಿಮಿಷಗಳಲ್ಲಿ ಶೇಕಡ ಎರಡೋ ಮೂರೋ ಮಾತ್ರ ಖರ್ಚಾಗುವಂತಿದ್ದರೆ ಎಣಿಕೆ ಹೆಚ್ಚು ನಂಬಲರ್ಹವಾಗುತ್ತದೆ. ಹೀಗೆ ಮಾಡಿದರೆ ನಿಜವಾದ ಪರಿಣಾಮವೇನಾದರೂ ಇದ್ದರೆ ಅದೂ ಕುಗ್ಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಆ ಆಕ್ಷೇಪಕ್ಕೆ ಅರ್ಥವಿದೆ. ಅದಕ್ಕಾಗಿಯೇ ವೇಗದ ಕ್ರಿಯೆಯನ್ನೂ ಬೇರೆ ರೀತಿಯಲ್ಲಿ ಅಳೆಯಬೇಕು.

ಆ ರೀತಿ ಯಾವುದು? ಗ್ರೇಡಿಯೆಂಟಿನ ಹದಿನಾರು ಹಂತಗಳನ್ನು ಚೀಟಿ ಎತ್ತಿದಂತೆ ಕಲಸಿ ಅಳೆಯುವುದು ಒಂದು ದಾರಿ. ಇದರಿಂದ ಒಂದೇ ಕಡೆಗೆ ವಾಲುವ ತಪ್ಪು ನಿಲ್ಲುತ್ತದೆ, ಆದರೆ ತಪ್ಪು ಹೋಗುವುದಿಲ್ಲ, ಚದುರುತ್ತದೆ. ಬಿಂದುಗಳು ಗೆರೆಯ ಆಚೀಚೆ ಹರಡಿ ನಿಮ್ಮ ಅಂಕಿಯ ಅನಿಶ್ಚಿತತೆ ಹೆಚ್ಚುತ್ತದೆ. ನನಗೆ ಇಷ್ಟವಾದ ದಾರಿ ಇನ್ನೊಂದು. ಪ್ರತಿ ಎರಡು ಹಂತಗಳ ನಡುವೆ ಅತಿ ಕಡಿಮೆ ಗ್ರೇಡಿಯೆಂಟಿನ ಒಂದು ಅಳತೆ ತೂರಿಸಿ. ಅಂಗಳದಲ್ಲಿ ಆ ಕ್ಷಣಕ್ಕೆ ಒಟ್ಟು ಎಷ್ಟು ಮಕ್ಕಳಿದ್ದಾರೆಂದು ಅದು ಹೇಳುತ್ತದೆ, ಆ ಸಂಖ್ಯೆಯಿಂದ ಭಾಗಿಸಿ ಲೆಕ್ಕ ಮುಂದುವರಿಸಿ. ಸಮಯ ಹೆಚ್ಚು ಹಿಡಿಯುತ್ತದೆ, ಸ್ಲಾಟ್ ಸಿಗುವುದು ಕಷ್ಟ ಎಂದು ಬಲ್ಲೆ. ಹಂತಗಳನ್ನು 16ರಿಂದ 8ಕ್ಕೆ ಇಳಿಸಿದರೂ ಅಡ್ಡಿಯಿಲ್ಲ.

ಈಗ ನಿಮ್ಮ ಗೈಡ್ ವಿಷಯ. ಈಗಿರುವ ಅಂಕಿಗಳಿಂದಲೇ ಸಾರಾಂಶ ಕಳುಹಿಸಿದರೆ, ಸಭೆಯಲ್ಲಿ ಯಾರಾದರೊಬ್ಬರು ಎದ್ದು ‘ಕ್ರಮ ತಿರುಗಿಸಿ ನೋಡಿದಿರಾ?’ ಎಂದು ಕೇಳುತ್ತಾರೆ. 2021ರ ನಂತರ ಈ ಪ್ರಶ್ನೆ ಬಂದೇ ಬರುತ್ತದೆ. ವೇದಿಕೆಯ ಮೇಲೆ ಉತ್ತರವಿಲ್ಲದೆ ನಿಲ್ಲುವವರು ನೀವು, ಅವರಲ್ಲ. ಹಾಗೆಂದು ‘ಸರ್, ಇದೆಲ್ಲ ತಪ್ಪು’ ಎಂದು ಹೋಗಿ ನಿಲ್ಲುವುದೂ ಬೇಡ. ಈಗ ನಿಮ್ಮ ಕೈಯಲ್ಲಿ ಅದಕ್ಕೂ ಪುರಾವೆಯಿಲ್ಲ, ನನ್ನ ಅಂದಾಜು ಮಾತ್ರ ಇದೆ. ಮೊದಲು ತಿರುಗಿಸಿದ ಕ್ರಮದಲ್ಲಿ ಎರಡು ಅಳತೆ ಮಾಡಿ, ಹಳೆಯ ಎರಡರ ಪಕ್ಕದಲ್ಲಿ ಒಂದೇ ಹಾಳೆಯಲ್ಲಿ ಮುದ್ರಿಸಿ ಅವರ ಮೇಜಿನ ಮೇಲಿಡಿ. ಗೈಡ್‌ಗಳು ಮಾತಿಗಿಂತ ಹಾಳೆಯನ್ನು ಬೇಗ ಓದುತ್ತಾರೆ. ಎರಡು ರೇಖೆಗಳು ಕನ್ನಡಿಯ ಬಿಂಬಗಳಂತೆ ಎದುರುಬದುರು ನಿಂತಿದ್ದರೆ ವಿವರಿಸುವ ಅಗತ್ಯವೂ ಬರುವುದಿಲ್ಲ.

ಎಂಟು ತಿಂಗಳು ನೀರುಪಾಲೇ ಎಂದು ಕೇಳಿದ್ದೀರಿ. ಅಲ್ಲ. ನಡೆಯುತ್ತಿರುವ ಕ್ರಿಯೆಯೊಳಗೆ ಅಣುಗಳ ಚಲನೆಯನ್ನು ನಂಬಿಕೆಯಿಂದ ಅಳೆಯುವುದು ಇಂದಿಗೂ ಕಷ್ಟದ ಕೆಲಸ. ಅದು ಸಾಧ್ಯವಾದರೆ ತಾಮ್ರದ ಸುತ್ತ ಎಷ್ಟು ಅಣುಗಳು ಕೂಡಿಕೊಳ್ಳುತ್ತವೆ, ನಡುವಿನ ಸಂಕೀರ್ಣ ಎಷ್ಟು ದೊಡ್ಡದು ಎಂಬುದನ್ನೆಲ್ಲ ವಿಸರಣ ಗುಣಾಂಕದಿಂದ ಓದಬಹುದು. ದೊಡ್ಡದಾದದ್ದು ನಿಧಾನವಾಗಿ ಚಲಿಸುತ್ತದೆ, ಆ ನಿಧಾನವನ್ನು ಸರಿಯಾಗಿ ಅಳೆದವರು ಬೇಕಾಗಿದ್ದಾರೆ. ಸಂಶ್ಲೇಷಣೆಯ ಲ್ಯಾಬಿಗೆ ಇದು ಅಣುಗಳ ಓಟಕ್ಕಿಂತ ಹೆಚ್ಚು ಉಪಯೋಗದ ಮಾತು. ನಿಮ್ಮ ನಾಲ್ಕು ಅಳತೆಗಳು ತಿರುಗಿಸಿದ ಕ್ರಮದ ಅಳತೆಗಳ ಜೊತೆ ಸೇರಿದರೆ, ದೋಷ ಎಷ್ಟಿರುತ್ತದೆಂದು ಅಂಕಿ ಸಮೇತ ತೋರಿಸುವ ಅಧ್ಯಾಯವೊಂದು ನಿಮ್ಮ ಪ್ರಬಂಧದಲ್ಲಿ ಆಗಲೇ ಸಿದ್ಧವಾಗಿದೆ.

ಒಂದು ಸಾಧ್ಯತೆಯನ್ನು ಬಾಕಿ ಉಳಿಸಿದ್ದೇನೆ. ಕ್ರಮ ತಿರುಗಿಸಿಯೂ, ತೀವ್ರತೆಯನ್ನು ಸರಿಪಡಿಸಿಯೂ, ತೆಳು ಟ್ಯೂಬಿನಲ್ಲೂ, ಬ್ಯುಟನಾಲ್ ಸುಮ್ಮನಿದ್ದು, ನೀರಿನ ಗೆರೆ ಅಲುಗದೆ, ಆಲ್ಕೈನ್ ಮಾತ್ರ ಚುರುಕಾಗಿಯೇ ಕಂಡರೆ? ಆಗ ನನ್ನ ಲೆಕ್ಕದಲ್ಲಿ ಎಲ್ಲೋ ಹುಳುಕಿದೆ ಎಂದಾಯಿತು, ನಾನೇ ಬಂದು ನಿಮ್ಮ ಪಕ್ಕದಲ್ಲಿ ಕುಳಿತು ಮತ್ತೊಮ್ಮೆ ಅಳೆಯುತ್ತೇನೆ. ಮೊದಲ ಸ್ಲಾಟ್ ಸಿಕ್ಕ ದಿನ ಹೆಚ್ಚಿನಿಂದ ಕಡಿಮೆಗೆ ಒಂದು ಅಳತೆ ಮಾಡಿ, ಆಲ್ಕೈನಿನ ಅಂಕಿಯನ್ನೂ ಉತ್ಪನ್ನದ ಅಂಕಿಯನ್ನೂ ಎರಡೂ ಕಳುಹಿಸಿ. ಉತ್ಪನ್ನದ್ದನ್ನು ಈ ಸಲ ಕೈಬಿಡಬೇಡಿ.